ಎರಡನೆಯ ಹೆಸರು

ಸೆಪ್ಟೆಂಬರ್ 14, ಮಂಗಳವಾರ

ಇವತ್ತು ಬೆಳಿಗ್ಗೆ ದೋನ್ಯಾ ಎಲೀಡಾ ಮಾಟೆ ಎಲೆಯ ಕಷಾಯವಿದ್ದ ಸೋರೆಬುರುಡೆಯಲ್ಲಿನ ಹೀರುಕೊಳವೆಯನ್ನು ಕಲಕಿದರು. ಚಹಾದ ಲೋಟದಲ್ಲಿ ಚಮಚ ಆಡಿಸುವ ಹಾಗೆ, ನಿಧಾನವಾಗಿ, ಸುತ್ತಲೂ.

ಹಾಗೆ ಮಾಡಿದರೆ ಎಲೆಪುಡಿ ಕದಡಿ ಕೊಳವೆ ಕಟ್ಟಿಕೊಳ್ಳುತ್ತದೆ. ಈ ಊರಿನಲ್ಲಿ ಅಂಬೆಗಾಲಿಡುವ ಕೂಸೂ ಅದನ್ನು ಮುಟ್ಟುವುದಿಲ್ಲ. ಕಳೆದ ತಿಂಗಳು ಬ್ಯೂನಸ್ ಐರಿಸ್‌ನಿಂದ ಬಂದಿದ್ದ ಪತ್ರಕರ್ತನೊಬ್ಬ ಕಲಕಲು ಹೋದಾಗ ಇವರೇ ಅವನ ಕೈಗೊಂದು ಏಟು ಕೊಟ್ಟು, "ಅದು ನಿನ್ನ ಕಾರಿನ ಗೇರ್ ಅಲ್ಲ ಕಣಪ್ಪಾ, ಬಿಡು" ಎಂದಿದ್ದರು. ಅಂಗಳದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಇವತ್ತು ಯಾರೂ ನಗಲಿಲ್ಲ, ಯಾರೂ ನೋಡಲೂ ಇಲ್ಲ. ಓಸ್ಮಾರ್ ಫೋನಿನಲ್ಲಿದ್ದ. ಅವನು ದೋನ್ಯಾ ಎಲೀಡಾರ ಅಣ್ಣನ ಮಗ. ಅವರ ಚುನಾವಣಾ ಪ್ರಚಾರದ ಹೊಣೆಯೆಲ್ಲ ಅವನದು, ಭಾಷಣ ಬರೆಯಲು ನನ್ನನ್ನು ತೆಗೆದುಕೊಂಡವನೂ ಅವನೇ. ನಾನು ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದೆ. ಆ ಕುರ್ಚಿ ನನಗಿಷ್ಟ. ಅಲ್ಲಿ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ.

ಮಾಟೆ ನನ್ನ ಸರದಿಗೆ ಬಂದಾಗ ಕೊಳವೆ ಪೂರ್ತಿ ಕಟ್ಟಿತ್ತು. ಹೀರಿದಂತೆ ನಟಿಸಿ ತಿರುಗಿ ಕೊಟ್ಟೆ. ಅವರಿಗೆ ಎಪ್ಪತ್ನಾಲ್ಕು ವರ್ಷ. ದಣಿವಿರಬೇಕು.

ಸೆಪ್ಟೆಂಬರ್ 17, ಶುಕ್ರವಾರ

ಮನೆಮನೆಗೆ ಹಂಚಲು ಅವರ ಜೀವನಕಥೆಯ ಪುಟ್ಟ ಪುಸ್ತಕವೊಂದನ್ನೂ ನಾನು ಬರೆಯಬೇಕು. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಾನು ಮಾತಾಡಬೇಕಾಗಿಲ್ಲದಿರುವುದೇ ಈ ಕೆಲಸದ ಸುಖ.

ಇವತ್ತು ಹೇಳಿದ್ದು ಎಂಬತ್ತಮೂರರ ಪ್ರವಾಹದ ಕಥೆ. ಆಗ ಅವರು ಶಾಲೆಯ ಮಕ್ಕಳ ಬಿಳಿ ನಿಲುವಂಗಿ ಹೊಲಿಯುವ ದರ್ಜಿ. ಪರಾನಾ ನದಿ ನಮ್ಮ ಪಾಸೊ ಎಸ್ಕಲಾಂತೆಯ ಅರ್ಧ ಊರನ್ನು ನುಂಗಿತ್ತು. ಮಿಲಿಟರಿ ಸರ್ಕಾರ ನೇಮಿಸಿದ್ದ ಮೇಯರು ಬಾಗಿಲು ಹಾಕಿಕೊಂಡು ಕೂತಿದ್ದ. ಇವರು ಮೀನುಗಾರರ ದೋಣಿಗಳನ್ನು ಒಟ್ಟುಮಾಡಿ ಜನರನ್ನು ರೈಲ್ವೆ ಏರಿಯ ಮೇಲಕ್ಕೆ ಸಾಗಿಸಿದರು. ಆ ವರ್ಷವೇ ಮಿಲಿಟರಿ ಆಡಳಿತ ಮುಗಿದು ಮತ್ತೆ ಚುನಾವಣೆ ಬಂತು. "ನಾನು ನಿಲ್ತೀನಿ ಅಂತ ಹೇಳ್ಲಿಲ್ಲ, ಚಾಮಿಗಾ. ದೋಣಿಯೋರೇ ನನ್ನನ್ನ ಎತ್ಕೊಂಡು ಹೋಗಿ ನಿಲ್ಸಿದ್ರು. ಬಲೆಗೆ ಬಿದ್ದ ಮೀನಿನ ಥರ ಒದ್ದಾಡ್ದೆ. ಆಮೇಲೆ ನೀರು ಹಿಡಿಸ್ತು."

ಅವರಿಗೆ ಗಂಡಸರೆಲ್ಲ ಚಾಮಿಗೊ, ಗೆಳೆಯ; ಹೆಂಗಸರೆಲ್ಲ ಚಾಮಿಗಾ, ಗೆಳತಿ. ಪೊಲೀಸ್ ಅಧಿಕಾರಿಯ ಹೆಂಡತಿಯೂ ಅಷ್ಟೇ, ಕಸ ಗುಡಿಸುವವಳೂ ಅಷ್ಟೇ.

ನಗರಸಭೆ, ಮೂರು ಸಲ ಮೇಯರ್‌ಗಿರಿ, ಒಂದು ಸೋಲು, ಆಮೇಲೆ ಪ್ರಾಂತ್ಯದ ಶಾಸನಸಭೆ, ಈಗ ಮತ್ತೆ ಅದಕ್ಕೇ ಸ್ಪರ್ಧೆ. ಎಲ್ಲವನ್ನೂ ಹೇಳಿದರು. ದೋಣಿಗಳ ಒಡೆಯರ ಹೆಸರು ಒಂದೂ ತಪ್ಪಲಿಲ್ಲ. ಆದರೆ ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, ತಮ್ಮದೇ ಮನೆಯಲ್ಲಿ, ಬಚ್ಚಲುಮನೆ ಎಲ್ಲಿ ಎಂದು ಕೇಳಿದರು. ಬಹಳ ವಿನಯದಿಂದ, ನಾನೇ ಮನೆಯೊಡತಿ ಎಂಬಂತೆ.

ಸೆಪ್ಟೆಂಬರ್ 21, ಮಂಗಳವಾರ

ನಮ್ಮಲ್ಲಿ ವಸಂತದ ಮೊದಲ ದಿನ, ವಿದ್ಯಾರ್ಥಿಗಳ ಹಬ್ಬ. ನದಿದಂಡೆಯ ತುಂಬ ಹುಡುಗ ಹುಡುಗಿಯರು, ಗಿಟಾರು, ಸುಟ್ಟ ಸಾಸೇಜಿನ ಹೊಗೆ. ದೋನ್ಯಾ ಎಲೀಡಾ ಪೆಟ್ಟಿಗೆಯೊಂದರ ಮೇಲೆ ನಿಂತು ಮಾತು ಶುರುಮಾಡಿದರು. ಚೆನ್ನಾಗಿಯೇ ನಡೆದಿತ್ತು. "ಈ ದಂಡೆಗೆ ನಾವು ಕಟ್ಟಿದ್ದು..." ಎಂದರು. ನಿಂತರು.

ಒಡ್ಡು. ಆ ಪದ ಅವರಿಗೆ ಸಿಗಲಿಲ್ಲ. ಇಪ್ಪತ್ತು ವರ್ಷ ಹೋರಾಡಿ ಕಟ್ಟಿಸಿದ ಒಡ್ಡು, ಅವರ ಬೆನ್ನ ಹಿಂದೆಯೇ ಇತ್ತು. ಅವರ ಕಣ್ಣು ಜನರ ತಲೆಗಳ ಮೇಲೆ ಅಲೆದಾಡಿತು. ಯಾರೋ ಕೆಮ್ಮಿದರು. ಒಬ್ಬ ಹುಡುಗ ಫೋನೆತ್ತಿ ಚಿತ್ರೀಕರಿಸತೊಡಗಿದ.

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ನೀರಿನ ಲೋಟ ಕೊಡುವ ನೆಪದಲ್ಲಿ ಹೋಗಿ ಕಿವಿಯಲ್ಲಿ ಹೇಳಿದೆ. "ಒಡ್ಡು!" ಎಂದು ಅವರು ಗುಡುಗಿದರು, ಅದಕ್ಕಾಗಿಯೇ ಕಾದಿದ್ದವರ ಹಾಗೆ. ಚಪ್ಪಾಳೆ ಬಿತ್ತು.



ಸೆಪ್ಟೆಂಬರ್ 23, ಗುರುವಾರ

ಮಧ್ಯಾಹ್ನದ ನಿದ್ದೆಯ ಹೊತ್ತು. ಊರೇ ಕಿಟಕಿ ಮುಚ್ಚಿ ಮಲಗಿರುತ್ತದೆ, ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಓಸ್ಮಾರ್ ನನ್ನನ್ನು ಕರೆಸಿದ. ಏತಕ್ಕೆಂದು ಕರೆ ಬಂದಾಗಲೇ ತಿಳಿಯಿತು.

"ನೀನು ನೋಡಿದೀಯ" ಎಂದ.

ನಾನು ಕುರ್ಚಿ ಎಳೆದು ಕೂತೆ.

"ಆಗಸ್ಟ್‌ನಲ್ಲೇ ಡಾಕ್ಟ್ರಿಗೆ ತೋರಿಸ್ದೆ. ನೆನಪು ದಿನಾ ಸ್ವಲ್ಪ ಸ್ವಲ್ಪ ಹೋಗುತ್ತೆ ಅಂದ್ರು. ಒಂದಿನ ಚೆನ್ನಾಗಿರ್ತಾರೆ, ಒಂದಿನ ಇರಲ್ಲ. ಅತ್ತೆ ನನ್ನನ್ನ ಸಾಕಿದೋರು, ಇತಾತಿ. ನಂಗೇನು ಖುಷಿನಾ?" ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಆದ್ರೆ ಮತಪತ್ರ ಅಚ್ಚಾಗಿದೆ. ಮೇಲೆ ಅತ್ತೆ ಮುಖ, ಪಟ್ಟೀಲಿ ಮೊದಲು ಅವರ ಹೆಸರು, ಎರಡನೇದು ನಂದು. ಗೆದ್ದ ಮೇಲೆ ಆರೋಗ್ಯ ಸರಿ ಇಲ್ಲ ಅಂತ ರಾಜೀನಾಮೆ ಕೊಡ್ತಾರೆ. ಕುರ್ಚಿ ಎರಡನೇ ಹೆಸರಿಗೆ ಬರುತ್ತೆ. ಕಾನೂನೇ ಹಾಗಿದೆ. ಎಲ್ಲರೂ ಮಾಡ್ತಾರೆ."

"ಅವರಿಗೆ ಗೊತ್ತಾ?" ಎಂದೆ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವನು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು.

"ಗೊತ್ತಾದ್ರೂ ನೆನಪಿರಲ್ಲ." ಕಣ್ಣೊರೆಸಿಕೊಂಡು ಹೇಳಿದ: "ನನ್ನ ಮುಖ ನೋಡಿ ಈ ಊರು ಎರಡು ಸಲ ಬೇಡ ಅಂದಿದೆ. ಅವರ ಮುಖ ಬೇಕು. ಅಕ್ಟೋಬರ್ ಇಪ್ಪತ್ನಾಲ್ಕು, ಮತದಾನದ ದಿನದ ತನಕ ಅಷ್ಟೇ."

ಬಾಗಿಲ ತನಕ ಬಂದು ಬೆನ್ನು ಸವರಿದ. "ನಿಮ್ಮಮ್ಮ ಶಾಲೆ ಅಡುಗೆಮನೆಯಲ್ಲೇ ಅಲ್ವಾ? ಆ ಕೆಲಸದ ಒಪ್ಪಂದ ಪ್ರತಿ ಡಿಸೆಂಬರ್ ಹೊಸದಾಗಿ ಆಗ್ಬೇಕು. ನಾನಿರೋ ತನಕ ಯೋಚನೆ ಇಲ್ಲ."

ಅವನು ಬೆದರಿಸಿದ್ದೋ ಭರವಸೆ ಕೊಟ್ಟದ್ದೋ ನನಗೆ ತಿಳಿಯಲಿಲ್ಲ. ಬಿಸಿಲಲ್ಲಿ ನಡೆದು ಬಂದೆ.

ಸೆಪ್ಟೆಂಬರ್ 30, ಗುರುವಾರ

ಉಪಾಯ ಸಿಕ್ಕಿತು. ಉದ್ದ ವಾಕ್ಯ ಬೇಡ. ಅವರು ಪ್ರಶ್ನೆ ಕೇಳಬೇಕು, ಜನ ಉತ್ತರ ಕೊಡಬೇಕು. "ನೀರು ಬಂದಾಗ ಯಾರು ಓಡಿಹೋದ್ರು?" "ಅವರು!" "ಯಾರು ಉಳಿದ್ರು?" "ಎಲೀಡಾ!" ಪದ ಮರೆತರೂ ಜನರ ಬಾಯಲ್ಲಿ ಅದು ಸಿದ್ಧವಿರುತ್ತದೆ. ಅವರು ತಡವರಿಸುವುದನ್ನು ಕಂಡೊಡನೆ ನಾನು ಅಕಾರ್ಡಿಯನ್ ಬಾರಿಸುವ ಫಾಕುಂದೊಗೆ ತಲೆಯಾಡಿಸುತ್ತೇನೆ. ಅವನು ಚಾಮಮೆ ಹಾಡೊಂದನ್ನು ಎತ್ತಿಕೊಳ್ಳುತ್ತಾನೆ, ಗಂಡಸರು ಕೂಗು ಹಾಕುತ್ತಾರೆ, ಅವರು ಮಗುವಿನಂತೆ ನಗುತ್ತಾ ಕುಣಿಯುತ್ತಾರೆ.

ಇವತ್ತು ಮೀನು ಮಾರುಕಟ್ಟೆಯಲ್ಲಿ ಅದ್ಭುತವಾಗಿ ನಡೆಯಿತು. ಸುರುಬಿ ಮೀನು ಮಾರುವ ಮುದುಕಿಯೊಬ್ಬಳು, "ಈ ಎಲೀಡಾ ನನ್ನನ್ನ ಹೂತು ಹಾಕಿದ ಮೇಲೂ ಕುಣೀತಾ ಇರ್ತಾಳೆ ಬಿಡು" ಎಂದಳು. ನನ್ನ ಸಾಲುಗಳಿಗೆ ಜನ ದನಿಗೂಡಿಸುವುದನ್ನು ಕೇಳುವಾಗ ಮೈ ಜುಮ್ಮೆನ್ನುತ್ತದೆ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಪದ್ಯ ಓದಿದರೂ ನನಗೆ ಇದು ಗೊತ್ತಿರಲಿಲ್ಲ.

ಓಸ್ಮಾರ್ ಹೆಬ್ಬೆರಳೆತ್ತಿ ತೋರಿಸಿದ.

ಅಕ್ಟೋಬರ್ 6, ಬುಧವಾರ

ಎರಡು ಸಭೆ. ಎರಡೂ ಗೆದ್ದೆವು. ವೇದಿಕೆ ಕಟ್ಟುವವರು ಮೈಕು ಬಲಗಡೆ ಇಟ್ಟಿದ್ದರು. ಎಡಗಡೆಗೆ ಇಡಿ ಎಂದು ಕೂಗಿ ಹೇಳಿದೆ. ನಾವು ನಿಲ್ಲುವುದು ಯಾವಾಗಲೂ ಎಡಗಡೆ. ಸಮೀಕ್ಷೆಯಲ್ಲಿ ಮೇಲಿದ್ದೇವೆ.

ಅಕ್ಟೋಬರ್ 13, ಬುಧವಾರ

ಬರೆಯಲೋ ಬೇಡವೋ ಎಂದುಕೊಳ್ಳುತ್ತಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ರೇಡಿಯೊದವರ ಫೋನ್ ಸಂದರ್ಶನ, ನೇರ ಪ್ರಸಾರ. ಪ್ರಾಂತ್ಯವೆಲ್ಲ ಕೇಳುತ್ತದೆ. ನಾನು ಉತ್ತರಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಮುಂದೆ ಹಿಡಿದಿದ್ದೆ. ಮೊದಲ ಪ್ರಶ್ನೆಗೆ ದೋನ್ಯಾ ಎಲೀಡಾ ಓದಿದರು. ಎರಡನೆಯದಕ್ಕೆ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಿಟಕಿಯಾಚೆ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನೇ ನೋಡತೊಡಗಿದರು.

"ದೋನ್ಯಾ ಎಲೀಡಾ? ಇದೀರಾ? ಲೈನ್ ಕಟ್ಟಾಯ್ತಾ?" ಎಂದ ರೇಡಿಯೊದವನು.

ಓಸ್ಮಾರ್ ಬಿಳಿಚಿಕೊಂಡು ಗೋಡೆಗೊರಗಿದ. ನಾನು ಅವರ ಕೈಯಿಂದ ಫೋನ್ ತೆಗೆದುಕೊಂಡೆ.

"ಇದೀನಿ ಇದೀನಿ, ಚಾಮಿಗೊ. ಎಲ್ಲಿ ಹೋಗ್ತೀನಿ? ನಲವತ್ತು ವರ್ಷದಿಂದ ಇಲ್ಲೇ ಇದೀನಿ" ಎಂದೆ. ಅವರ ಗೊಗ್ಗರು ದನಿ, ಮಾತಿನ ಕೊನೆಯಲ್ಲಿ ಅವರು ಉಸಿರೆಳೆದುಕೊಳ್ಳುವ ರೀತಿ, ಎಲ್ಲವೂ ನನ್ನ ಗಂಟಲಲ್ಲಿ ಕಾದು ಕೂತಿದ್ದಂತೆ ಬಂದವು. ರಸ್ತೆ, ಆಸ್ಪತ್ರೆ, ವಿರೋಧಿಗಳು, ಕೇಳಿದ್ದಕ್ಕೆಲ್ಲ ಉತ್ತರಿಸಿದೆ. ಹಾಳೆಯಲ್ಲಿಲ್ಲದ ಒಂದು ಜೋಕನ್ನೂ ಹೇಳಿದೆ. ರೇಡಿಯೊದವನು ನಗುತ್ತಲೇ ವಂದಿಸಿದ.

ದೋನ್ಯಾ ಎಲೀಡಾ ಆಗಲೂ ಬಟ್ಟೆಗಳನ್ನೇ ನೋಡುತ್ತಿದ್ದರು. ಓಸ್ಮಾರ್ ಬಂದು ನನ್ನ ಹಣೆಗೆ ಮುತ್ತಿಟ್ಟ. "ಇನ್ಮೇಲೆ ರೇಡಿಯೊ ಎಲ್ಲಾ ನಿಂದೇ."

ಮನೆಗೆ ಬಂದರೆ ಅಮ್ಮ ಚಿಪಾ ರೊಟ್ಟಿಗೆ ಚೀಸ್ ತುರಿಯುತ್ತಿದ್ದಳು. "ಇವತ್ತು ಎಲೀಡಾ ಏನ್ ಮಾತಾಡಿದ್ಲು ಅಂತೀಯ! ಅಡುಗೆಮನೆಯೋರೆಲ್ಲ ಕೆಲಸ ಬಿಟ್ಟು ಕೇಳಿದ್ವಿ. ಯಾರೋ ಅವಳಿಗೆ ಹುಷಾರಿಲ್ಲ ಅಂದಿದ್ರು. ಹಾಳು ಬಾಯಿಗಳು."

ಇಪ್ಪತ್ತನಾಲ್ಕು ವರ್ಷದಿಂದ ನನ್ನ ದನಿ ಕೇಳುತ್ತಿರುವವಳು. "ಹೌದಾ" ಎಂದೆ.

ಅಕ್ಟೋಬರ್ 15, ಶುಕ್ರವಾರ

ಇನ್ನೊಂದು ರೇಡಿಯೊ. ಮೊನ್ನೆಗಿಂತ ಸುಲಭವಾಯಿತು.

ಅಕ್ಟೋಬರ್ 17, ಭಾನುವಾರ

ತಾಯಂದಿರ ದಿನ. ಬೆಳಿಗ್ಗೆ ಗುಡಿಸಲುಗಳ ಸಾಲಿನಲ್ಲಿ ಹೂ ಹಂಚಿ ಬಂದೆವು. ಊಟದ ನಂತರ ಓಸ್ಮಾರ್ ತನ್ನ ಹೆಂಡತಿಯ ತವರಿಗೆ ಹೋದ. ದೋನ್ಯಾ ಎಲೀಡಾರ ಜೊತೆ ನಾನೊಬ್ಬಳೇ ಇದ್ದೆ. ಪಕ್ಕದ ಮನೆಯ ರೇಡಿಯೊ ಗಟ್ಟಿಯಾಗಿತ್ತು. ವಾರದ ಸಂದರ್ಶನಗಳ ಮರುಪ್ರಸಾರ.

ನಾನು ಎದ್ದು ಕಿಟಕಿ ಮುಚ್ಚುವಷ್ಟರಲ್ಲಿ ತಡವಾಗಿತ್ತು.

"ಇರು" ಎಂದರು. ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪೂರ್ತಿ ಕೇಳಿದರು. ಜೋಕು ಬಂದಾಗ ತುಟಿ ಸ್ವಲ್ಪ ಅಲುಗಿತು. ಮುಗಿದ ಮೇಲೆ ನನ್ನತ್ತ ತಿರುಗಿದರು. ಆ ಕಣ್ಣುಗಳಲ್ಲಿ ಮಂಜು ಇರಲಿಲ್ಲ. ಮೊದಲ ದಿನ ನನ್ನನ್ನು ಅಳೆದು ನೋಡಿದ ಕಣ್ಣುಗಳೇ.

"ಅದು ನಾನಲ್ಲ."

ನಾನು ಕಿಟಕಿಯ ಚಿಲಕ ಹಿಡಿದೇ ನಿಂತಿದ್ದೆ.

"ನಾನು ಯಾವತ್ತೂ ಮಂತ್ರಿಗಳನ್ನ 'ಸನ್ಮಾನ್ಯ' ಅನ್ನಲ್ಲ. ನೀನು ಓದಿದೋಳು, ಅಂತೀಯ." ಸಿಟ್ಟಿರಲಿಲ್ಲ. "ಎಷ್ಟು ದಿನದಿಂದ ನಡೀತಿದೆ?"

ಹೇಳಿದೆ. ಎಲ್ಲವನ್ನೂ. ವೈದ್ಯರು ಹೇಳಿದ್ದನ್ನೂ ರಾಜೀನಾಮೆಯ ಯೋಜನೆಯನ್ನೂ ಹೇಳಿದೆ. ನನ್ನ ಅಮ್ಮನ ಕೆಲಸದ ವಿಷಯ ಮಾತ್ರ ಹೇಳಲಿಲ್ಲ.

ತೊಡೆಯ ಮೇಲಿನ ಕೈಗಳನ್ನು ನೋಡಿಕೊಂಡರು. "ತೊಂಬತ್ತೊಂದರಲ್ಲಿ" ಎಂದರು, "ಇಲ್ಲಿನ ಜಮೀನ್ದಾರ ಮುದುಕ ಇದೇ ಆಟ ಆಡ್ದ. ಮೇಲೆ ತನ್ನ ಮುಖ, ಕೆಳಗೆ ಅಳಿಯನ ಹೆಸರು. ನಾನು ಮನೆ ಮನೆಗೂ ಹೋಗಿ ಹೇಳ್ದೆ, ಆ ಮುಖದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಆಮೇಲೆ ಏನು ಉಳಿಯುತ್ತೆ ಓದಿ ಅಂತ. ಮುದುಕ ಸೋತ." ನಕ್ಕರು. "ಈಗ ನನ್ನ ಮುಖಾನೇ ಅಲ್ಲಿ ತಂದು ಇಟ್ಟಿದಾನೆ. ಓಸ್ಮಾರ್ ಕೆಟ್ಟೋನಲ್ಲ. ಹಸಿದೋನು. ಬೇರೆಯೋರ ತಟ್ಟೇಲಿ ಉಂಡು ಅಭ್ಯಾಸ."

"ಬರ್ಕೋ" ಎಂದರು. ಬರೆದುಕೊಂಡೆ. ಗುರುವಾರದ ಕೊನೆಯ ಸಭೆಯಲ್ಲಿ ಓದಬೇಕಾದದ್ದು. ನನಗೆ ಕಾಯಿಲೆ ಇದೆ. ಮತಪತ್ರದ ಮೇಲೆ ಮುಖ ನನ್ನದು, ಕುರ್ಚಿಯಲ್ಲಿ ಕೂರುವವಳು ನಾನಲ್ಲ. ಹೆಬ್ಬೆರಳಿಂದ ನನ್ನನ್ನು ಮುಚ್ಚಿ ಎರಡನೆಯ ಹೆಸರು ಓದಿ. ಬೇಕಾದರೆ ಹಾಕಿ, ಬೇಡವಾದರೆ ಹಾಕಬೇಡಿ.

"ಜನಕ್ಕೆ ಹೇಳದೆ ಹೋಗೋದು ಕಳ್ಳರ ಕೆಲ್ಸ" ಎಂದು ಹೇಳಿ ಕಣ್ಣು ಮುಚ್ಚಿದರು.

ಅಕ್ಟೋಬರ್ 18, ಸೋಮವಾರ

ಅವರಿಗೆ ಏನೂ ನೆನಪಿಲ್ಲ.

"ಗುರುವಾರ ಕುಣಿಯೋಣ, ಚಾಮಿಗಾ! ಗೆಲ್ತೀವಿ!" ಎಂದು ನನ್ನ ಕೆನ್ನೆ ಹಿಂಡಿದರು. ನಿನ್ನೆಯ ಮಾತನ್ನು ನಿಧಾನವಾಗಿ ತೆಗೆದೆ. "ಕಾಯಿಲೆನಾ? ಯಾರಿಗೆ? ಪಾಪ" ಎಂದರು.

ಯಾವ ಎಲೀಡಾಳ ಮಾತು ಕೇಳಲಿ? ನಿನ್ನೆ ಒಂದು ಮಧ್ಯಾಹ್ನ ಇದ್ದವಳದೋ, ಇವತ್ತು ಇರುವವಳದೋ?

ಅಕ್ಟೋಬರ್ 19, ಮಂಗಳವಾರ

ಓಸ್ಮಾರ್ ಗುರುವಾರದ ಭಾಷಣ ತಂದುಕೊಟ್ಟ, ತಾನೇ ಬರೆದದ್ದು. ಕೊನೆಯ ಸಾಲು: "ನಾನು ನಿಮ್ಮನ್ನು ಎಂದೂ ಬಿಟ್ಟುಹೋಗುವುದಿಲ್ಲ."

"ಇದನ್ನ ಅವರು ಹೇಳಲ್ಲ" ಎಂದೆ.

"ಹಾಳೇಲಿ ಏನಿದ್ರೂ ಹೇಳ್ತಾರೆ. ಅದು ನಿಂಗೂ ಗೊತ್ತು."

"ವಾಕ್ಯ ಉದ್ದ ಇದೆ. ಕೊನೆ ಸಾಲು ಸುಳ್ಳು. ಬೆಳಿಗ್ಗೆ ಆರ್ಕೆಸ್ಟ್ರಾದೋರಿಗೆ ನೀನು ಹೇಳಿರೋ ಸಮಯಾನೂ ತಪ್ಪು. ಎಲ್ಲಾ ಸರಿಮಾಡಿ ಕೊಡ್ತೀನಿ, ಇಟ್ಟು ಹೋಗು."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಜೋರಾಗಿದೀಯ ಈಚೆಗೆ" ಎಂದ. ಹಾಗೇಕೆ ಅಂದನೋ ಗೊತ್ತಿಲ್ಲ. ಹೋಗುವಾಗ ಮತ್ತೆ ಡಿಸೆಂಬರ್ ಎಂಬ ಪದವನ್ನು ಮೇಜಿನ ಮೇಲೆ ಬಿಟ್ಟುಹೋದ.

ಅಕ್ಟೋಬರ್ 20, ಬುಧವಾರ

ಅಮ್ಮ ಕಾಲು ನೀರಿನಲ್ಲಿಟ್ಟುಕೊಂಡು ಕೂತಿದ್ದಳು. ಇನ್ನೂರು ಮಕ್ಕಳಿಗೆ ಅಡುಗೆ ಮಾಡಿದ ಕಾಲುಗಳು, ಕಣಕಾಲ ತನಕ ಊದಿದ್ದವು. ಎದುರು ಕೂತು, ರೇಡಿಯೊದಲ್ಲಿ ಮಾತಾಡಿದ್ದು ನಾನು ಎಂದೆ.

ನಂಬಲಿಲ್ಲ. ಎರಡು ಸಾಲು ಹೇಳಿ ತೋರಿಸಿದೆ. ಅಮ್ಮ ಕಾಲನ್ನು ನೀರಿನಿಂದ ಎತ್ತಿಬಿಟ್ಟಳು, ಹಾವು ಕಂಡವಳಂತೆ.

"ಬೇಡ. ಹಾಗೆ ಮಾತಾಡ್ಬೇಡ ನನ್ನೆದುರು."

ಉಳಿದದ್ದನ್ನೂ ಹೇಳಿದೆ. ಡಿಸೆಂಬರಿನ ವಿಷಯವನ್ನು ಕೊನೆಗೆ ಹೇಳಿದೆ. ಅವಳು ಟವೆಲಿನಿಂದ ಬೆರಳುಗಳ ಸಂದು ಒಂದೊಂದಾಗಿ ಒರೆಸಿಕೊಂಡಳು.

"ಏನ್ ಮಾಡ್ಲಿ ಅಮ್ಮಾ?"

"ನನ್ನನ್ನ ಕೇಳ್ಬೇಡ" ಎಂದಳು. "ಕೇಳಿದ್ರೆ ಬೇಡ ಅಂತೀನಿ. ನಂಗೆ ಐವತ್ತೆಂಟು. ಬೇರೆ ಯಾರು ಕೊಡ್ತಾರೆ ಕೆಲಸ? ಅದಕ್ಕೇ ಕೇಳ್ಬೇಡ."

ತಟ್ಟೆ ತಂದಿಟ್ಟಳು. ಇಬ್ಬರೂ ಉಂಡೆವು.

ಅಕ್ಟೋಬರ್ 21, ಗುರುವಾರ

ಮಧ್ಯಾಹ್ನದ ನಿದ್ದೆಯ ಹೊತ್ತು. ಸಭೆ ಸಂಜೆಗೆ. ನಾಳೆ ಬೆಳಗಾದರೆ ಪ್ರಚಾರ ನಿಷೇಧ, ಆಮೇಲೆ ಯಾರೂ ಏನೂ ಹೇಳುವ ಹಾಗಿಲ್ಲ. ಚೌಕದಲ್ಲಿ ವೇದಿಕೆಗೆ ಮೊಳೆ ಹೊಡೆಯುವ ಸದ್ದು ಇಲ್ಲಿಗೂ ಕೇಳುತ್ತಿದೆ.

ಬೆಳಿಗ್ಗೆ ಓಸ್ಮಾರ್ ಇಲ್ಲದಾಗ ಭಾನುವಾರ ಬರೆದುಕೊಂಡ ಪುಟವನ್ನು ದೋನ್ಯಾ ಎಲೀಡಾರಿಗೆ ಓದಿ ಹೇಳಿದೆ. ಯಾರದೆಂದು ಹೇಳಲಿಲ್ಲ. ಒಳ್ಳೆಯ ದಿನವೇನಲ್ಲ, ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿಕೊಂಡಿದ್ದರು. ಆದರೂ ತಲೆ ಒಂದು ಕಡೆ ವಾಲಿಸಿ ಗಮನವಿಟ್ಟು ಕೇಳಿದರು.

ನಡುವೆ ತಡೆದರು. "'ದಯವಿಟ್ಟು ಕ್ಷಮಿಸಿ' ಅಂತಿದೆಯಲ್ಲ, ಅದು ತೆಗಿ. ಅವಳೇನು ಕದ್ದಿದಾಳಾ?"

ಅದು ನಾನು ಸೇರಿಸಿದ್ದು. ತೆಗೆದೆ.

ಮುಗಿದ ಮೇಲೆ ತಲೆದೂಗಿದರು. "ಗಟ್ಟಿಗಿತ್ತಿ" ಎಂದರು. "ಯಾವ ಊರಿನೋಳು?"

"ಇಲ್ಲಿಯೋಳೇ" ಎಂದೆ.

"ಹೇಳ್ಲಿ ಬಿಡು ಹಾಗಾದ್ರೆ. ಯಾರಾದ್ರೂ ತಡೀತಿದಾರಾ ಅವಳನ್ನ?"

ನಾನು ನೆಲಕ್ಕೆ ಬಗ್ಗಿದೆ. ಅವರ ಚಪ್ಪಲಿ ಸರಿಮಾಡಿದೆ.

ಓಸ್ಮಾರ್ ಕೊಟ್ಟ ಭಾಷಣವನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದಿದ್ದೇನೆ. ಭಾನುವಾರದ ಪುಟವನ್ನು ದೊಡ್ಡ ಅಕ್ಷರಗಳಲ್ಲಿ ಮತ್ತೆ ಬರೆದು ಅವರ ಭಾಷಣದ ಕಡತದಲ್ಲಿಟ್ಟಿದ್ದೇನೆ. ಅಕಾರ್ಡಿಯನ್ನಿನ ಫಾಕುಂದೊಗೆ, ಏನೇ ಆದರೂ ಮಾತಿನ ನಡುವೆ ಬಾರಿಸಬೇಡ ಎಂದು ಹೇಳಿಕಳಿಸಿದ್ದೇನೆ. ಮನೆಗೆ ಬಂದರೆ ಅಮ್ಮ ನನ್ನ ನೀಲಿ ಅಂಗಿಗೆ ಇಸ್ತ್ರಿ ಹಾಕಿ ಬಾಗಿಲಿಗೆ ತೂಗುಹಾಕಿದ್ದಳು. 

ಅವರು ಪೂರ್ತಿ ಓದಿದರೆ ಒಳ್ಳೆಯದು. ನಡುವೆ ನಿಂತರೆ ಕಾಯುತ್ತೇನೆ. ಜನರೂ ಕಾಯಲಿ, ನೋಡಲಿ. ಕಾದ ಮೇಲೂ ಮಾತು ಬಾರದಿದ್ದರೆ ಮೈಕು ನಾನು ತೆಗೆದುಕೊಳ್ಳುತ್ತೇನೆ. ಮೊದಲು ನನ್ನ ಹೆಸರು ಹೇಳುತ್ತೇನೆ. ಆಮೇಲೆ ಓದುತ್ತೇನೆ.